ಒಂದು ಕ್ಯೂಬಿಟ್‌ನ ಗೇಟುಗಳನ್ನು ಕೈಲೆಕ್ಕದಲ್ಲೇ ಕಲಿಯುವ ಬಗೆ

ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕವೇ ಕ್ಯೂಬಿಟ್; ಅದರ ಸ್ಥಿತಿಯನ್ನು ಬದಲಿಸುವ ಕ್ರಿಯೆಗಳೇ ಕ್ವಾಂಟಂ ಗೇಟುಗಳು. ಇವುಗಳ ಪರಿಚಯಕ್ಕೆ ಒಂದು ಹಾಳೆ ಮತ್ತು ಪೆನ್ಸಿಲ್ ಸಾಕು. ಕ್ಯೂಬಿಟ್‌ನ ಸ್ಥಿತಿಯನ್ನು (ಅ, ಬ) ಎಂಬ ಜೋಡಿಯಾಗಿ ಬರೆದುಕೊಳ್ಳಿ. ಇವು ಸಮ್ಮಿಶ್ರ ಸಂಖ್ಯೆಗಳೂ ಆಗಿರಬಹುದು. ಅಳತೆ ಮಾಡಿದಾಗ 0 ಸಿಗುವ ಸಂಭವನೀಯತೆ ‘ಅ’ದ ಪರಿಮಾಣದ ವರ್ಗಕ್ಕೂ, 1 ಸಿಗುವ ಸಂಭವನೀಯತೆ ‘ಬ’ದ ಪರಿಮಾಣದ ವರ್ಗಕ್ಕೂ ಸಮವಾಗಿರುತ್ತದೆ, ಇವೆರಡರ ಮೊತ್ತ ಯಾವಾಗಲೂ 1.

ಎಕ್ಸ್ ಗೇಟ್ ಜೋಡಿಯನ್ನು ಅದಲುಬದಲು ಮಾಡಿ (ಬ, ಅ) ಆಗಿಸುತ್ತದೆ. ಜೆಡ್ ಗೇಟ್ ಎರಡನೆಯ ಸಂಖ್ಯೆಯ ಚಿಹ್ನೆಯನ್ನಷ್ಟೇ ಬದಲಿಸಿ (ಅ, −ಬ) ಕೊಡುತ್ತದೆ. ವರ್ಗ ಮಾಡಿದೊಡನೆ ಋಣಚಿಹ್ನೆ ಅಳಿಸಿಹೋಗುವುದರಿಂದ, ಹೊಸಬರಿಗೆ ಜೆಡ್ ಏನನ್ನೂ ಮಾಡಲಿಲ್ಲವೆಂದೇ ತೋರುತ್ತದೆ. ಅದರ ಕೆಲಸ ಕಾಣಬೇಕಾದರೆ ಹಡಮಾರ್ಡ್, ಅಂದರೆ ಎಚ್ ಗೇಟ್ ಬೇಕು. ಅದು (ಅ, ಬ)ವನ್ನು ((ಅ+ಬ)/√2, (ಅ−ಬ)/√2) ಮಾಡುತ್ತದೆ.

ಈಗ (1, 0)ದಿಂದ ಆರಂಭಿಸಿ ಎಚ್ ಹಾಕಿ. (1/√2, 1/√2) ಬರುತ್ತದೆ, ಅಂದರೆ 0 ಮತ್ತು 1ಕ್ಕೆ ಸಮಾನ ಅವಕಾಶ. ಇದಕ್ಕೆ ಮತ್ತೊಮ್ಮೆ ಎಚ್ ಹಾಕಿದರೆ (1, 0) ಮರಳಿ ಸಿಗುತ್ತದೆ. ಆದರೆ ಎರಡು ಎಚ್‌ಗಳ ನಡುವೆ ಜೆಡ್ ಇಟ್ಟರೆ ಸ್ಥಿತಿ (1/√2, −1/√2) ಆಗಿ, ಕೊನೆಯ ಎಚ್ ಅದನ್ನು (0, 1) ಮಾಡುತ್ತದೆ. ಅಳತೆಗೆ ಕಾಣದ ಆ ಚಿಹ್ನೆಯೇ ಫಲಿತಾಂಶವನ್ನು ತಲೆಕೆಳಗು ಮಾಡಿತು. ನನ್ನ ದೃಷ್ಟಿಯಲ್ಲಿ, ಈ ಲೆಕ್ಕ ಕೈಗೆ ಹತ್ತುವ ತನಕ ಮುಂದಿನ ಗೇಟುಗಳಿಗೆ ಅವಸರ ಬೇಡ.

ಎಸ್ ಮತ್ತು ಟಿ ಗೇಟುಗಳು ಜೆಡ್‌ನ ಚಿಕ್ಕ ಪಾಲುಗಳು: ಜೆಡ್ ‘ಬ’ದ ಫೇಸನ್ನು (ಸಮ್ಮಿಶ್ರ ಸಂಖ್ಯೆಯಾಗಿ ಅದರ ಕೋನವನ್ನು) 180 ಡಿಗ್ರಿ ತಿರುಗಿಸಿದರೆ, ಎಸ್ 90, ಟಿ 45 ಡಿಗ್ರಿ ತಿರುಗಿಸುತ್ತವೆ. ಎಕ್ಸ್, ಜೆಡ್, ಎಚ್‌ಗಳನ್ನು ಎರಡು ಬಾರಿ ಹಾಕಿದರೆ ಮೊದಲಿನ ಸ್ಥಿತಿಯೇ ಬರುತ್ತದೆ. ಎಸ್ ಮತ್ತು ಟಿಗಳನ್ನು ರದ್ದುಮಾಡಲು ಅವುಗಳ ವಿಲೋಮವನ್ನೇ ಬಳಸಬೇಕು.

ಲೆಕ್ಕವನ್ನು ಐಬಿಎಮ್‌ನ ಕ್ವಾಂಟಂ ಸಾಫ್ಟ್‌ವೇರ್ ಕಿಸ್ಕಿಟ್‌ನಲ್ಲಿ ತಾಳೆ ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಗೇಟುಗಳನ್ನು ಸಾಲಾಗಿ ತೋರಿಸುವ ಸರ್ಕ್ಯೂಟಿನ ಚಿತ್ರವನ್ನು ಎಡದಿಂದ ಬಲಕ್ಕೆ ಓದಬೇಕು, ಆದರೆ ಗೇಟುಗಳನ್ನು ಸಂಖ್ಯೆಗಳ ಕೋಷ್ಟಕಗಳಾಗಿ, ಅಂದರೆ ಮ್ಯಾಟ್ರಿಕ್ಸ್‌ಗಳಾಗಿ ಬರೆದು ಗುಣಿಸುವಾಗ ಮೊದಲ ಗೇಟ್ ಬಲತುದಿಯಲ್ಲಿರುತ್ತದೆ. ಎಚ್-ಜೆಡ್-ಎಚ್ ಎರಡೂ ಕಡೆಯಿಂದ ಒಂದೇ ಆಗಿರುವುದರಿಂದ ಅಲ್ಲಿ ಈ ತಪ್ಪು ಹೊರಬೀಳುವುದಿಲ್ಲ. ಪರೀಕ್ಷೆಗೆ ಎಚ್ ಮತ್ತು ಎಸ್ ಜೋಡಿಯನ್ನು ಆರಿಸಿಕೊಳ್ಳಿ. (1, 0)ಕ್ಕೆ ಮೊದಲು ಎಚ್, ಬಳಿಕ ಎಸ್ ಹಾಕಿದರೆ ಎರಡನೆಯ ಸಂಖ್ಯೆ i/√2 ಆಗಿ ಬರುತ್ತದೆ (i ಎಂದರೆ −1ರ ವರ್ಗಮೂಲ). ಕ್ರಮ ತಿರುಗಿಸಿದರೆ ಅದು ಬರಿಯ 1/√2 ಆಗಿಯೇ ಉಳಿಯುತ್ತದೆ.