ಕಾರವಾರದ ಸೆಖೆಗೆ ಬುಲೆಟ್‌ಪ್ರೂಫ್ ಜಾಕೆಟ್

ಕಾರವಾರದಿಂದ ಅಂಕೋಲಾ, ಕುಮಟಾ, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ. ಇದು ನಮ್ಮ ಕ್ಯಾಶ್ ವ್ಯಾನ್ ಓಡುವ ದಾರಿ. ಗನ್‌ಮ್ಯಾನ್‌ಗಳಿಗೆ ಬುಲೆಟ್‌ಪ್ರೂಫ್ ಜಾಕೆಟ್ ಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮಾರುವವರು ಬಾಯಿ ತೆರೆದರೆ ಲೆವೆಲ್ ಅನ್ನುತ್ತಾರೆ, ಅಂದರೆ ಜಾಕೆಟ್ ಎಂಥ ಗುಂಡನ್ನು ತಡೆಯುತ್ತದೆ ಅನ್ನುವ ದರ್ಜೆ. ಮೇ ತಿಂಗಳಲ್ಲಿ ಇದನ್ನು ಮೈಮೇಲೆ ಇಟ್ಟುಕೊಳ್ಳಲು ಆಗುತ್ತಾ ಅಂತ ನಾನು ಕೇಳಿದೆ. ಸೆಖೆಗೆ ಬಿಚ್ಚಿ ಸೀಟಿನ ಮೇಲಿಟ್ಟರೆ ಯಾವ ಲೆವೆಲ್ ಆದರೇನು?

ರೈಫಲ್ ಗುಂಡಿಗೆ ಗಟ್ಟಿ ಪ್ಲೇಟ್ ಬೇಕು. ಭಾರ ಜಾಸ್ತಿ. ಸೆರಾಮಿಕ್ ಪ್ಲೇಟ್ ಕೈಜಾರಿ ಬಿದ್ದರೆ ಹೊರಗೆ ಕಾಣದ ಹಾಗೆ ಒಳಗೇ ಬಿರುಕು ಬಿಡಬಹುದು. ಹಾಗಾಗಿ ಪ್ಲೇಟಿನ ಯೋಚನೆ ಬಿಟ್ಟೆ. ಪಿಸ್ತೂಲು ಗುಂಡಿಗೆ ಇಂಥ ಜಾಕೆಟ್‌ಗಳಿಗೆ ಮಾನದಂಡ ಹಾಕುವ ಅಮೆರಿಕದ ಎನ್‌ಐಜೆ ಸಂಸ್ಥೆಯ ಹಳೆಯ ಪಟ್ಟಿಯ 3ಎ ಲೆವೆಲ್ಲಿನ ಮೆತ್ತನೆ ಜಾಕೆಟ್ ಸಾಕು. ನಮ್ಮಲ್ಲೂ 2018ರ ಐಎಸ್ 17051 ಅನ್ನುವ ಭಾರತೀಯ ಮಾನದಂಡ ಇದೆ. ಯಾವುದಾದರೂ ಸರಿ, ಟೆಸ್ಟ್ ರಿಪೋರ್ಟ್ ಕೈಗೆ ಬರುವ ತನಕ ದುಡ್ಡಿನ ಮಾತೇ ಬೇಡ.

ಗುಂಡು ತಡೆಯುವ ಬಟ್ಟೆ ಚಾಕು ತಡೆಯುತ್ತದೆ ಅಂತೇನಿಲ್ಲ. ಚೂಪು ಮೊನೆ ಎಳೆಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ. ಇರಿತದ ಪರೀಕ್ಷೆಯೇ ಬೇರೆ. ನಮ್ಮವರಿಗೆ ಬಂದೂಕಿಗಿಂತ ಕತ್ತಿಯ ಹೆದರಿಕೆಯೇ ಜಾಸ್ತಿ. ಹಾಗಾಗಿ ಎರಡೂ ಪರೀಕ್ಷೆ ಆದದ್ದನ್ನೇ ಹುಡುಕಿದೆ.

ಕರಾವಳಿಯಲ್ಲಿ ದೊಡ್ಡ ಶತ್ರು ತೇವ. ಕೆವ್ಲಾರ್ ಜಾತಿಯ ಅರಾಮಿಡ್ ಬಟ್ಟೆ ಒದ್ದೆಯಾದರೆ ಗುಂಡು ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಬಿಸಿಲೂ ಅದಕ್ಕೆ ಆಗದು. ಪಾಲಿಥಿಲೀನ್ ಅನ್ನುವ ಪ್ಲಾಸ್ಟಿಕ್ ನೂಲಿನದು ನೀರು ಹೀರುವುದಿಲ್ಲ, ಹಗುರ ಕೂಡ. ಆದರೆ ಅದಕ್ಕೆ ಕಾವು ಆಗಿಬರುವುದಿಲ್ಲ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಜೈಲಾನ್ ಅಂತ ಇನ್ನೊಂದು ನೂಲಿತ್ತು. 2003ರಲ್ಲಿ ಅಮೆರಿಕದ ಒಬ್ಬ ಪೊಲೀಸ್ ಅಧಿಕಾರಿಯ ಜೈಲಾನ್ ಜಾಕೆಟ್ ತೂರಿ ಗುಂಡು ಒಳಗೆ ಹೋಯಿತು. ತೇವಕ್ಕೆ ಆ ನೂಲು ಬಲ ಕಳೆದುಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೂ ನಾನು ಮುಟ್ಟದಿರುವುದು ಇದಕ್ಕೇ. ಜಾಕೆಟ್ಟಿನೊಳಗೆ ಗುಂಡು ತಡೆಯುವ ಪದರಕ್ಕೆ ಪ್ಯಾನೆಲ್ ಅನ್ನುತ್ತಾರೆ, ಅದರ ಲೇಬಲ್‌ನಲ್ಲಿ ತಯಾರಾದ ತಾರೀಕು ನೋಡಿ, ವಾರಂಟಿ ಸಾಮಾನ್ಯವಾಗಿ 5 ವರ್ಷ. ಪ್ಯಾನೆಲ್ ಸುತ್ತಲಿನ ನೀರು ಹೋಗದ ಹೊದಿಕೆಯ ಅಂಚನ್ನು ಬೆರಳಾಡಿಸಿ ನೋಡಿದೆ. ಒಂದರಲ್ಲಿ ಮೂಲೆ ಬಿಟ್ಟುಕೊಂಡಿತ್ತು. ವಾಪಸ್.

ಅಳತೆಯನ್ನು ನಿಂತು ನೋಡಿದರೆ ಸಾಲದು. ವ್ಯಾನ್ ಸೀಟಿನಲ್ಲಿ ಕೂರಿಸಿ ನೋಡಿದೆ. ಒಬ್ಬನಿಗೆ ಜಾಕೆಟ್ ಮೇಲೆ ಬಂದು ಗದ್ದಕ್ಕೇ ಒತ್ತಿತು. "ಸಾರ್, ಉಸಿರೇ ಬಿಡೋಕೆ ಆಗ್ತಿಲ್ಲ" ಅಂದ. ನಿಂತಾಗ ಕೆಳಗಿನ ಅಂಚು ಬೆಲ್ಟಿಗಿಂತ ಎರಡು ಮೂರು ಬೆರಳು ಮೇಲಿದ್ದರೆ ಈ ತೊಂದರೆ ಇಲ್ಲ.

ಪ್ಯಾನೆಲ್ ತೆಗೆದು, ಹೊರಗಿನ ಬಟ್ಟೆ ಮಾತ್ರ ಒಗೆಯಬೇಕು. ಪ್ಯಾನೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಚಪ್ಪಟೆಯಾಗಿ ಹಾಸಿಡುತ್ತೇವೆ. ಜುಲೈಯಲ್ಲಿ ಇಲ್ಲಿ ಏನೂ ಒಣಗುವುದಿಲ್ಲ, ಅದಕ್ಕೆ ತಲಾ ಎರಡು ಹೊರಕವರ್ ತರಿಸಿದ್ದೇನೆ.