ಸಾಲಿನ ಕೊನೆಯಲ್ಲಿ ನಡೆಯುವ ನಾಯಕ

ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲದ ನಾನು ಸ್ಕೌಟ್ ದಳವೊಂದಕ್ಕೆ ಸ್ವಯಂಸೇವಕ ನಾಯಕನಾಗಲು ಒಪ್ಪಿಕೊಂಡಾಗ, ಚಾರಣವನ್ನು ಬೇರೆಯವರಿಗೆ ಬಿಟ್ಟು ಲೆಕ್ಕಪತ್ರ ನೋಡಿಕೊಳ್ಳಬಾರದೇ ಎಂದು ಹಿತೈಷಿಗಳು ಕೇಳಿದ್ದರು. ಅವರ ಕಾಳಜಿ ನಿಜವಾದದ್ದೇ ಆಗಿತ್ತು. ಆದರೆ ನನಗೆ ಮಕ್ಕಳೊಡನೆ ಬಯಲಿನಲ್ಲಿ ಇರಬೇಕಿತ್ತು.

ಮೊದಲ ಚಾರಣದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ದಿನವಿಡೀ ನಡೆದರೆ ಬಲಗಾಲಿನಲ್ಲಿ ಉಳಿದಿರುವ ಭಾಗದ ಗಾತ್ರ ತುಸು ಕುಗ್ಗಿ, ಕೃತಕ ಕಾಲಿನ ಸಾಕೆಟ್, ಅಂದರೆ ಆ ಭಾಗ ಕೂರುವ ಬಟ್ಟಲು, ಸಡಿಲವಾಗುತ್ತದೆ. ಆಗ ಕುಳಿತು, ಕಾಲು ಕಳಚಿ, ಬೆವರು ಒರೆಸಿ, ಇನ್ನೊಂದು ಕಾಲುಚೀಲ ಸೇರಿಸಿಕೊಳ್ಳಬೇಕು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಮಕ್ಕಳೆದುರು ಕಾಲು ಕಳಚಲು ಸಂಕೋಚಪಟ್ಟು ನಾನು ನಡೆಯುತ್ತಲೇ ಹೋದೆ. ಏರಿಗಿಂತ ಇಳಿಜಾರೇ ನನಗೆ ಕಷ್ಟ. ಅಲ್ಲಿ ಸಾಕೆಟ್ಟಿನ ಅಂಚು ಉಜ್ಜಿ ಚರ್ಮ ಕಿತ್ತುಬಂತು, ವಾರವಿಡೀ ಊರುಗೋಲಿನ ಮೇಲೆಯೇ ಓಡಾಡಬೇಕಾಯಿತು. ಮಕ್ಕಳ ಹೊಣೆ ಹೊತ್ತವನು ನೋವನ್ನು ಮುಚ್ಚಿಟ್ಟರೆ ಅದು ಸುರಕ್ಷತೆಯ ಲೋಪವೆಂದೇ ನಾನು ಭಾವಿಸುತ್ತೇನೆ.

ಮುಂದಿನ ಶಿಬಿರದ ಮೊದಲ ಸಂಜೆಯೇ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಾಲು ಕಳಚಿ ಅವರ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಸಾಗುತ್ತಿರುವಾಗ, ಊರುಗೋಲು ಡೇರೆಯಲ್ಲಿ ಯಾವ ಬದಿಗಿರುತ್ತದೆ, ನಡುರಾತ್ರಿ ಕರೆದರೆ ನಾನು ಎದ್ದು ಬರಲು ಎಷ್ಟು ಹೊತ್ತು ಬೇಕು, ಆದ್ದರಿಂದ ತುರ್ತಿನಲ್ಲಿ ಮೊದಲು ಬರುವವರು ನಮ್ಮ ಜೊತೆಗಿರುವ ಇನ್ನೊಬ್ಬ ನಾಯಕರು ಎಂಬುದನ್ನೆಲ್ಲ ವಿವರಿಸಿದೆ.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಹುಡುಗರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಅಂದರೆ ಚಿಕ್ಕ ತಂಡಗಳಾಗಿ, ವಿಂಗಡಿಸಿ ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ಮುಂದಾಳುವಾಗಿಸಿದ್ದರು. ಆ ಪದ್ಧತಿಯ ಬೆಲೆ ನನಗೆ ತಿಳಿದದ್ದು ನನ್ನ ಕಾಲಿನಿಂದಾಗಿ. ನಕ್ಷೆ ಮತ್ತು ದಿಕ್ಸೂಚಿಗಳನ್ನು ಪೆಟ್ರೋಲ್ ಲೀಡರ್‌ಗೆ ಒಪ್ಪಿಸಿ, ಇನ್ನೊಬ್ಬ ನಾಯಕರನ್ನು ಅವನ ಹತ್ತಿರವೇ ಇರಿಸಿ, ನಾನು ಸಾಲಿನ ಕೊನೆಯಲ್ಲಿ ನಡೆಯತೊಡಗಿದೆ. ಯಾರ ಬೂಟಿನ ದಾರ ಬಿಚ್ಚಿದೆ, ಬೆಳಗಿನಿಂದ ಹರಟುತ್ತಿದ್ದವರಲ್ಲಿ ಯಾರು ಇದ್ದಕ್ಕಿದ್ದಂತೆ ಮೌನವಾಗಿದ್ದಾರೆ, ಯಾರ ನೀರಿನ ಬಾಟಲಿ ಇನ್ನೂ ತುಂಬಿದೆ ಎಂಬುದೆಲ್ಲ ಕಾಣುವುದು ಹಿಂದಿನಿಂದಲೇ. ಗಂಟು ಕಟ್ಟುವುದನ್ನು ಕಲಿಸಲು ಹೇಗೂ ನೆಲದ ಮೇಲೆ ಕುಳಿತರೆ ಸಾಕು, ಅದಕ್ಕೆ ಎರಡು ಕೈಗಳಷ್ಟೇ ಬೇಕು.

ನಡಿಗೆಗೆ ಮುಂಚೆಯೇ ನಿಲ್ದಾಣಗಳನ್ನು ಗುರುತಿಸಿ, ಸುಮಾರು 45 ನಿಮಿಷಕ್ಕೊಮ್ಮೆ ಎಲ್ಲರೂ ಕೂರುವುದೆಂದು ಗೊತ್ತುಮಾಡಿದೆವು. ಅಂಥ ಒಂದು ನಿಲುಗಡೆಯಲ್ಲಿ ನಾನು ಕಾಲುಚೀಲ ಬದಲಿಸುವುದನ್ನು ಪಕ್ಕದಲ್ಲಿದ್ದ ಹುಡುಗನೊಬ್ಬ ತುಂಬ ಹೊತ್ತು ನೋಡಿದ. ಆಮೇಲೆ ಏನೂ ಹೇಳದೆ ತನ್ನ ಎಡಬೂಟನ್ನು ಬಿಚ್ಚಿ, ಕಾಲುಚೀಲ ಸರಿಸಿ, ಹಿಮ್ಮಡಿಯ ಮೇಲೆ ನಾಣ್ಯದಗಲ ಎದ್ದಿದ್ದ ಬೊಬ್ಬೆಯನ್ನು ನನಗೆ ತೋರಿಸಿದ. ನಾನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದೆ.