ಪರೀಕ್ಷೆ ದಿನ ಬೆಳಗ್ಗೆ "ಹೊಟ್ಟೆ ನೋವು" ಅನ್ನುವ ಮಗುವಿಗೆ

ಕೆಲವು ವರ್ಷದ ಹಿಂದೆ ನವೋದಯ ಅನ್ನುವ ಕೇಂದ್ರ ಸರ್ಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅಂತ ನಮ್ಮ ಶಾಲೆಯ ಏಳು ಮಕ್ಕಳನ್ನು ಭರಮಸಾಗರದ ಕಡೆಯಿಂದ ಚಿತ್ರದುರ್ಗಕ್ಕೆ ಕ್ರೂಸರ್‌ನಲ್ಲಿ ಕರೆದುಕೊಂಡು ಹೊರಟಿದ್ದೆ. ಹೈವೇ ಹತ್ತಿದ ಮೇಲೆ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ. "ಹದಿಮೂರು ಏಳ್ಲ ಎಷ್ಟು?" "ಹದಿನೇಳು ಆರ್ಲ?" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಕೋಟೆ ಬೆಟ್ಟ ಕಾಣುವ ಹೊತ್ತಿಗೆ ಕಿಟಕಿ ಪಕ್ಕದ ಹುಡುಗನ ಸರದಿ. ಅವನು ಉತ್ತರ ಹೇಳಲಿಲ್ಲ. ಬೆಳಗ್ಗೆ ತಿಂದಿದ್ದ ಉಪ್ಪಿಟ್ಟನ್ನೆಲ್ಲ ನನ್ನ ಚಪ್ಪಲಿ ಮೇಲೆ ಕಕ್ಕಿದ. ಹಿಂದಿನ ದಿನ ಅದೇ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸಿದ್ದವನು ಅವನು. ತಪ್ಪು ಪೂರ್ತಿ ನನ್ನದೇ.

ಅವತ್ತಿನಿಂದ ಪ್ರತಿ ವರ್ಷ ಮಕ್ಕಳನ್ನು ಗಮನಿಸುತ್ತಾ ಬಂದಿದ್ದೇನೆ. ಹತ್ತು ವರ್ಷದ ಮಗುವಿಗೆ ಪ್ರಶ್ನೆಪತ್ರಿಕೆ ಕಂಡರೆ ಅಷ್ಟೇನೂ ಭಯ ಇರುವುದಿಲ್ಲ. ಗೊತ್ತಿಲ್ಲದ ಶಾಲೆ, ಅಳತೆಗೆ ಕೂರದ ಎತ್ತರದ ಬೆಂಚು, ಯಾರೋ ಮೇಷ್ಟ್ರು, ಉತ್ತರಕ್ಕೆ ಗೋಲ ತುಂಬಬೇಕಾದ, ಕೈಗೆ ಹೊಸದಾದ ಓಎಂಆರ್ ಹಾಳೆ, ಮೇಲಿಂದ ಗೇಟಿನ ಹತ್ತಿರ ನಿಂತ ನಮ್ಮ ಗಾಬರಿ ಮುಖ, ಇವಕ್ಕೆ ಹೆದರುತ್ತವೆ. ಹಾಗಾಗಿ ನಮಗಿರುವ ಕೆಲಸ ಎರಡು. ಆ ದಿನವನ್ನು ಮೊದಲೇ ಹಳೆಯದು ಮಾಡಿಬಿಡುವುದು, ಆಮೇಲೆ ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದೇ ಕಷ್ಟ.

ಮೊದಲು ಹೊಟ್ಟೆ ನೋವಿನ ವಿಷಯ. ಅದು ನಾಟಕ ಅಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ, ರಕ್ತ ಕೈಕಾಲಿನ ಕಡೆ ಜಾಸ್ತಿ ಹರಿದು ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಅದಕ್ಕೇ ಕಿವುಚಿದ ಹಾಗೆ ನೋವು, ವಾಕರಿಕೆ, ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕು ಅನ್ನಿಸುವುದು. ನಾವಾದರೆ ಟೆನ್ಶನ್ ಆಗ್ತಿದೆ ಅನ್ನುತ್ತೇವೆ. ಮಗುವಿಗೆ ಆ ಮಾತು ಬರಲ್ಲ, ಹೊಟ್ಟೆ ನೋವು ಅನ್ನುತ್ತದೆ. "ಏನೂ ಆಗಿಲ್ಲ, ಎದ್ದೇಳು" ಅಂತ ಗದರಬೇಡಿ. "ನಂಗೂ ಹಂಗೇ ಆಗ್ತಿತ್ತು ಕಣೋ, ಪೇಪರ್ ಕೈಗೆ ಬಂದ್ಮೇಲೆ ಕಡಿಮೆ ಆಗ್ತಿತ್ತು" ಅಂದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಜ್ವರ, ಭೇದಿ ಇದ್ದರೆ ಮಾತು ಬೇರೆ, ಡಾಕ್ಟರಿಗೆ ತೋರಿಸಿ.

ಉಸಿರಾಟ ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ "ದೀರ್ಘವಾಗಿ ಉಸಿರು ತಗೋ" ಅಂದರೆ ಮಕ್ಕಳು ಎದೆ ಉಬ್ಬಿಸಿ, ಭುಜ ಎತ್ತಿ, ಗಾಳಿಯನ್ನು ಅಲ್ಲೇ ಹಿಡಿದು ಕೂರುತ್ತವೆ. ನಾನು ಕಲಿಸುವುದು ಮಿರ್ಚಿ ಉಸಿರು. ದಾವಣಗೆರೆ ಸೀಮೆಯ ಮಕ್ಕಳಿಗೆ ಮಂಡಕ್ಕಿ ಜೊತೆ ಮಿರ್ಚಿ ಹೇಳಿಕೊಡಬೇಕಾ? "ಈಗ ತಾನೇ ಬಾಣಲೆಯಿಂದ ತೆಗೆದ ಮಿರ್ಚಿ ನಿನ್ನ ಕೈಯಲ್ಲಿದೆ, ಮೂಗಿನಲ್ಲಿ ವಾಸನೆ ತಗೋ. ಹಾಂ, ಈಗ ಮೆಲ್ಲಗೆ ಊದಿ ಆರಿಸು. ಜೋರಾಗಿ ಊದಬೇಡ, ಈರುಳ್ಳಿ ಹಾರಿಹೋಗುತ್ತೆ." ಇಷ್ಟೇ. ಗುಟ್ಟು ಇರುವುದು ಊದುವುದರಲ್ಲಿ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇದ್ದರೆ ಎದೆಬಡಿತ ನಿಧಾನವಾಗುತ್ತದೆ. ಐದು ಮಿರ್ಚಿ ಆರಿಸುವಷ್ಟರಲ್ಲಿ ಭುಜ ಕೆಳಗಿಳಿದಿರುವುದು ಕಣ್ಣಿಗೇ ಕಾಣುತ್ತದೆ. ಆದರೆ ಪರೀಕ್ಷೆ ದಿನ ಬೆಳಗ್ಗೆ ಮೊದಲ ಸಲ ಹೇಳಿಕೊಟ್ಟರೆ ಕೆಲಸ ಮಾಡಲ್ಲ. ಹದಿನೈದು ದಿನ ಮೊದಲಿನಿಂದ ದಿನಾ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಮಾಡಿಸಿ.

ಇನ್ನು ಆ ದಿನವನ್ನು ಹಳೆಯದು ಮಾಡುವ ವಿಷಯ. ನವೋದಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆ ಅಂದರೆ 80 ಪ್ರಶ್ನೆ, 100 ಅಂಕ, ಎರಡು ಗಂಟೆ, ಬೆಳಗ್ಗೆ 11.30ರಿಂದ ಮಧ್ಯಾಹ್ನ 1.30. ಅದರಲ್ಲಿ 40 ಪ್ರಶ್ನೆ ಬರೀ ಚಿತ್ರದ್ದು, 20 ಲೆಕ್ಕ, 20 ಭಾಷೆ. ನಮ್ಮ ಮಕ್ಕಳು ಎರಡು ಗಂಟೆ ಒಂದೇ ಕಡೆ ಕೂತೇ ಇರುವುದಿಲ್ಲ, ಅಲ್ವಾ? ಅದೂ ಆ ಹೊತ್ತಿನಲ್ಲಿ, ಮಾಮೂಲಿ ದಿನವಾದರೆ ಬಿಸಿಯೂಟದ ವಾಸನೆ ಬರುವ ಹೊತ್ತಿನಲ್ಲಿ. ಹಾಗಾಗಿ ಕಡಿಮೆ ಅಂದರೂ ಎರಡು ಸಲ ಅದೇ ಹೊತ್ತಿಗೆ, ದೂರ ದೂರ ಕೂರಿಸಿ, ಪೂರ್ತಿ ಎರಡು ಗಂಟೆ ಬರೆಸಿ. ಕೋಣೆಗೆ ನೀವು ಹೋಗಬೇಡಿ. ಮಕ್ಕಳಿಗೆ ಪರಿಚಯ ಇಲ್ಲದ ಯಾರಾದರೂ ಮೇಷ್ಟ್ರನ್ನು ಪಕ್ಕದ ಊರಿನಿಂದ ಕರೆಸಿ, ಅವರು ಒಂದಿಷ್ಟೂ ನಗದೆ ಹಾಲ್ ಟಿಕೆಟ್ ನೋಡಲಿ, ಹಾಜರಿ ಹಾಳೆಯಲ್ಲಿ ಸಹಿ ಹಾಕಿಸಲಿ. ಎಷ್ಟೋ ಮಕ್ಕಳು ಹುಟ್ಟಿದಾಗಿನಿಂದ ಸಹಿಯನ್ನೇ ಹಾಕಿರುವುದಿಲ್ಲ. "ಸಹಿ ಅಂದ್ರೆ ಹೆಸರಾ ಸಾರ್?" ಅಂತ ಕೇಳಿ ಅಲ್ಲೇ ಕಣ್ಣು ತುಂಬಿಕೊಂಡ ಹುಡುಗಿಯನ್ನು ನೋಡಿದ್ದೇನೆ.

ಪೆನ್ನಿನ ವಿಷಯವೂ ಹಾಗೆಯೇ. ಓಎಂಆರ್ ಹಾಳೆಗೆ ನೀಲಿ ಅಥವಾ ಕಪ್ಪು ಬಾಲ್ ಪೆನ್ ಬೇಕು, ಪೆನ್ಸಿಲ್ ನಡೆಯಲ್ಲ. ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಲ್ಲಿ ಅಳಿಸಿ ಬೆಳೆದ ಮಗುವಿಗೆ ಅಳಿಸೋಕಾಗಲ್ಲ ಅನ್ನುವುದೇ ದೊಡ್ಡ ಭಯ. ತಿಂಗಳು ಮೊದಲೇ ಪೆನ್ನು ಕೊಡಿ. ಓಎಂಆರ್ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಹತ್ತಾದರೂ ಹಾಳೆ ತುಂಬಿಸಿ.

ಇಲ್ಲಿ ಒಂದು ಅಪಾಯ ಇದೆ. ಮಗು 23ನೇ ಪ್ರಶ್ನೆ ಬರಲ್ಲ ಅಂತ ಬಿಟ್ಟು 24ಕ್ಕೆ ಹೋಗುತ್ತದೆ, ಆದರೆ ಉತ್ತರವನ್ನು 23ರ ಸಾಲಿನಲ್ಲಿ ತುಂಬಿಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲೆ. 40ಕ್ಕೆ ಬಂದಾಗ ಗೊತ್ತಾದರೆ ಮುಗಿಯಿತು, ಕೈ ಬೆವರಿ ಪೆನ್ನು ಜಾರುತ್ತದೆ. ಇದಕ್ಕೆ ನಾನು ಮಾಡಿಸುವುದು ಇಷ್ಟು. ಎಡಗೈ ತೋರುಬೆರಳು ಯಾವಾಗಲೂ ಓಎಂಆರ್‌ನ ನಂಬರಿನ ಮೇಲೆ. ಗೋಲ ತುಂಬುವ ಮೊದಲು ಪ್ರಶ್ನೆಯ ನಂಬರನ್ನು ತುಟಿಯಲ್ಲೇ ಹೇಳಿಕೊಳ್ಳಬೇಕು, ಬೆರಳ ಕೆಳಗೆ ಅದೇ ನಂಬರ್ ಇದೆಯಾ ನೋಡಬೇಕು. ಬಿಟ್ಟ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲಿ ಸಣ್ಣ ಚುಕ್ಕಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಅನ್ನುವುದನ್ನೂ ಹೇಳಿಡಿ, ಕೊನೆಯ ಹತ್ತು ನಿಮಿಷದಲ್ಲಿ ಚುಕ್ಕಿ ಇಟ್ಟವಕ್ಕೆಲ್ಲ ಅಂದಾಜಿನಲ್ಲಿ ಒಂದು ಉತ್ತರ ಹಾಕಬಹುದು ಅಂತ ಗೊತ್ತಿದ್ದರೆ ಮಗು ಒಂದೇ ಲೆಕ್ಕಕ್ಕೆ ಅಂಟಿಕೊಂಡು ಅಳುತ್ತಾ ಕೂರುವುದಿಲ್ಲ.

ಈಗ ಬಾಯಿ ಮುಚ್ಚಿಕೊಳ್ಳುವ ಭಾಗ. "ಒಂದೇ ಸಲ ಬರೆಯೋಕೆ ಆಗೋದು, ನೆನಪಿರಲಿ" ಅಂತ ಮನೆಯಲ್ಲಿ ದಿನಾ ಹೇಳುತ್ತಾರೆ. ನಿಜ, ನವೋದಯದ ಆರನೇ ಕ್ಲಾಸಿನ ಪರೀಕ್ಷೆಗೆ ಎರಡನೇ ಸಲ ಕೂರಲು ಅವಕಾಶ ಇಲ್ಲ. ಅದನ್ನು ಮಗುವಿಗೆ ಹೇಳಿ ಏನು ಲಾಭ? 2023ರ ಮಾರ್ಚ್‌ನಲ್ಲಿ ಐದನೇ ಕ್ಲಾಸಿನ ಮೌಲ್ಯಾಂಕನ (ಬೋರ್ಡ್ ಮಟ್ಟದ ಪರೀಕ್ಷೆ) ನಡೆಯುತ್ತೆ, ಇಲ್ಲ, ಕೋರ್ಟಿನಲ್ಲಿದೆ ಅಂತ ಟಿವಿಯವರು ದಿನಕ್ಕೊಂದು ಹೇಳಿದರು, ಕೊನೆಗೆ 27ರಿಂದ ನಡೆಯಿತು. ಫೇಲ್ ಮಾಡಲ್ಲ ಅಂತ ಸರ್ಕಾರ ಹೇಳಿದ್ದರೂ ಮಕ್ಕಳ ತಲೆಯಲ್ಲಿ ಉಳಿದದ್ದು ಕೋರ್ಟು ಅನ್ನುವ ಒಂದೇ ಪದ. ಅಂಥ ಸುದ್ದಿಯನ್ನು ಮಗುವಿನ ಎದುರಿಗೆ ಚರ್ಚೆ ಮಾಡಬೇಡಿ. ಬದಲಿಗೆ, ಸೀಟು ಸಿಗದಿದ್ದರೆ ಏನು ಅನ್ನುವುದನ್ನು ಒಂದೇ ಸಲ ಸ್ಪಷ್ಟವಾಗಿ ಹೇಳಿ. ನಾನು ಹೇಳುವುದು ಹೀಗೆ: "ಜಿಲ್ಲೆಗೆಲ್ಲ 80 ಸೀಟು, ಬರೆಯೋರು ಸಾವಿರಾರು. ಸಿಗದಿದ್ರೆ ಜೂನ್‌ನಲ್ಲಿ ಇದೇ ಕಟ್ಟೆ, ಇದೇ ಗೆಳೆಯರು, ಇದೇ ನಾನು."

ಒಂದು ವರ್ಷ ಚುರುಕಾಗಿದ್ದ ಹುಡುಗಿಯೊಬ್ಬಳು ಪರೀಕ್ಷೆ ಹತ್ತಿರ ಬಂದಂತೆ ಬೇಕಂತಲೇ ತಪ್ಪು ಬರೆಯತೊಡಗಿದಳು. ಬೈದೆ, ಮುದ್ದು ಮಾಡಿದೆ, ಏನೂ ಆಗಲಿಲ್ಲ. ಬೋರ್‌ವೆಲ್ ಹತ್ತಿರ ತಟ್ಟೆ ತೊಳೆಯುವಾಗ ತಾನಾಗೇ ಹೇಳಿದಳು, "ಪಾಸಾದ್ರೆ ಅಮ್ಮನ್ನ ಬಿಟ್ಟು ಹೋಗ್ಬೇಕಲ್ಲ ಸಾರ್." ನವೋದಯ ಅಂದರೆ ಹಾಸ್ಟೆಲ್. ನಮ್ಮ ಜಿಲ್ಲೆಯದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ, ದಾವಣಗೆರೆಯದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಹತ್ತು ವರ್ಷದ ಮಗುವಿಗೆ ಅದು ಕಾಶಿಯಷ್ಟು ದೂರ. ನಾವೆಲ್ಲ ಫೇಲಾಗುವ ಭಯ ಹುಡುಕುತ್ತಿದ್ದೆವು, ಅವಳಿಗೆ ಪಾಸಾಗುವ ಭಯ. ಅವಳ ಅಮ್ಮನನ್ನು ಕರೆಸಿ ಕೂರಿಸಿ ಮಾತಾಡಿದೆ. "ಈಗ ಬರಿ. ಹೋಗೋದು ಬಿಡೋದು ಆಮೇಲೆ ಮೂರೂ ಜನ ಕೂತು ನೋಡೋಣ" ಅಂದರು ಆಕೆ. ಹುಡುಗಿ ಮರುದಿನದಿಂದ ಸರಿಯಾದಳು. ನಿಮ್ಮ ಮಗುವನ್ನೂ ಈ ಪ್ರಶ್ನೆ ಕೇಳಿ ನೋಡಿ: "ಪಾಸಾದ್ರೆ ಏನಾಗುತ್ತೆ ಅನ್ಸುತ್ತೆ ನಿಂಗೆ?"

ಬಾಯಿಬಿಟ್ಟು ಹೇಳದ ಮಕ್ಕಳಿಗೆ ಚೀಟಿ ಕೊಡುತ್ತೇನೆ. ಭಯ ಆಗುವುದನ್ನೆಲ್ಲ ಬರೆದು, ಮಡಚಿ, ನನ್ನ ಡಬ್ಬಿಗೆ ಹಾಕಬೇಕು. ನಾನು ಓದುವುದಿಲ್ಲ. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಸ್ವಲ್ಪ ಮೊದಲು ಹೀಗೆ ಬರೆಸಿ ನೋಡಿದಾಗ, ಜಾಸ್ತಿ ಹೆದರುವ ವಿದ್ಯಾರ್ಥಿಗಳ ಅಂಕ ಏರಿತ್ತು. ಅದು ಹೈಸ್ಕೂಲು, ಕಾಲೇಜಿನವರ ಮೇಲೆ ಮಾಡಿದ್ದು. ಆದರೂ ನಮ್ಮ ಐದನೇ ಕ್ಲಾಸಿನವರು ಚೀಟಿ ಹಾಕಿ ಬಂದ ಮೇಲೆ ಹಗುರಾಗಿ ಓಡಾಡುವುದನ್ನು ನೋಡಿದ್ದೇನೆ.

ಹಿಂದಿನ ರಾತ್ರಿ ಓದಿಸಬೇಡಿ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಮಾರ್ಚ್‌ನ ಪರೀಕ್ಷೆಗಳಿಗೆ ನಮ್ಮ ಕಡೆ ಇನ್ನೊಂದು ತೊಂದರೆ, ನಾಯಕನಹಟ್ಟಿ ತೇರೂ ಆಗಲೇ, ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆ ದುಗ್ಗಮ್ಮನ ಜಾತ್ರೆಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಮೈಕಿನ ಸದ್ದು ಜಾಸ್ತಿ ಇದ್ದರೆ ಆ ಒಂದು ರಾತ್ರಿ ಅಜ್ಜಿ ಮನೆಗೋ ಒಳಕೋಣೆಗೋ ಹಾಸಿಗೆ ಬದಲಿಸಿ. ಪೆನ್ನು, ಹಾಲ್ ಟಿಕೆಟ್, ನೀರಿನ ಬಾಟಲಿ ಮಗುವೇ ಚೀಲಕ್ಕೆ ಹಾಕಿಕೊಳ್ಳಲಿ. ಬೆಳಗ್ಗೆ ದಿನಾ ತಿನ್ನುವುದನ್ನೇ ಕೊಡಿ, ಪರೀಕ್ಷೆ ಅಂತ ಬೆಣ್ಣೆ ದೋಸೆ ಬೇಡ. 11.30ರ ಪರೀಕ್ಷೆಯಾದರೆ ಹತ್ತೂವರೆಗೆ ಒಂದು ಬಾಳೆಹಣ್ಣು.

ಪರೀಕ್ಷೆ ಮುಗಿದು ವಾರಗಟ್ಟಲೆ ಆದರೂ ಮಗು ನಿದ್ದೆಯಲ್ಲಿ ಬೆಚ್ಚುವುದು, ಶಾಲೆಗೆ ಹೋಗಲ್ಲ ಅಂತ ಹಟ ಹಿಡಿಯುವುದು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗೇಟಿನಿಂದ ಹೊರಗೆ ಬಂದ ಕೂಡಲೇ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಉತ್ತರ ಕೇಳಬೇಡಿ. ನಾವು ಸೀದಾ ಮಂಡಕ್ಕಿ ಮಿರ್ಚಿ ಅಂಗಡಿಗೆ ಹೋಗುತ್ತೇವೆ. ವಾಪಸ್ ಬರುವಾಗ ಕ್ರೂಸರ್‌ನಲ್ಲಿ ಎಷ್ಟು ಗಲಾಟೆ ಮಾಡಿದರೂ ನಾನು ಮಾತಾಡಲ್ಲ. ಹೋಗುವಾಗಲೂ ಈಗ ಮಗ್ಗಿ ಕೇಳುವುದಿಲ್ಲ. ಆದರೂ ಸೀಟಿನ ಕೆಳಗೆ ಒಂದು ಬಕೆಟ್ಟು, ಎರಡು ಬಾಟಲಿ ನೀರು ಇಟ್ಟುಕೊಂಡು, ಹಳೇ ಚಪ್ಪಲಿ ಹಾಕಿಕೊಂಡೇ ಹೊರಡುತ್ತೇನೆ.